ಎರಡನೇ ಏಟಿಗೆ ಹಾಡುವ ಗಂಟೆ

ತಂಗಿಯ ಮೇಲೆ ಕಳ್ಳತನದ ಆರೋಪ ಬಂದಿದೆ ಎಂದು ತಿಳಿದಾಗ ಕೆಂಡ ಮೊದಲು ಮಾಡಿದ ಕೆಲಸ ಹೆಲ್ಮೆಟ್ಟನ್ನು ಗೋಡೆಗೆ ಎಸೆದದ್ದು. ಎರಡನೆಯದು, ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿಕೊಂಡು ಹೋಗಿ ಮೇಲಿನ ಮನೆಯ ದೊಡ್ಡಮ್ಮನ ಬಾಗಿಲು ಬಡಿದದ್ದು.

"ಬಾಗಿಲು ನಿಂಗೇನು ಅನ್ಯಾಯ ಮಾಡಿತ್ತೋ?" ಒಳಗಿನಿಂದ ದನಿ ಬಂತು. "ಮೂಗು ಬಾಯಿ ಮುಚ್ಕೊಂಡು ಬಾ. ಆ ದೂರದ ಕುರ್ಚಿ ನಿಂದು."

ಅದು ಸೋಂಕಿನ ವರ್ಷ. ಒಂದೇ ಮನೆತನದವರೂ ಕುರ್ಚಿ ದೂರ ಹಾಕಿಕೊಂಡು ಮಾತಾಡುತ್ತಿದ್ದ ಕಾಲ. ದೊಡ್ಡಮ್ಮ ಪೊಲೀಸ್ ಇಲಾಖೆಯಿಂದ ನಿವೃತ್ತಳಾಗಿದ್ದರೂ ಬೀದಿಯಲ್ಲಿ ಏನೇ ಕಳೆದುಹೋದರೂ ಜನ ಅವಳ ಬಾಗಿಲಿಗೇ ಬರುತ್ತಿದ್ದರು. ಅವಳ ಕಾಲಾಗಿ ಓಡಾಡುತ್ತಿದ್ದವನು ಕೆಂಡ. ಓದು ಅರ್ಧಕ್ಕೆ ಬಿಟ್ಟು, ಮನೆಮನೆಗೆ ಪಾರ್ಸೆಲ್ ತಲುಪಿಸುತ್ತಿದ್ದ ಅವನ ಮೂಗಿನ ತುದಿಯಲ್ಲೇ ಸಿಟ್ಟು. ಅದಕ್ಕೇ ಆ ಹೆಸರು ಅಂಟಿಕೊಂಡಿತ್ತು.

"ಪುಟ್ಟಿ ಗಂಟೆ ಕದ್ದಳಂತೆ, ದೊಡ್ಡಮ್ಮಾ! ಆ ಆಫೀಸಿನ ಹೊಸ್ತಿಲೂ ತುಳಿದಿಲ್ಲ ಅವಳು!"

"ಮೊದಲಿಂದ ಹೇಳು. ಉಸಿರಾಡ್ತಾ ಹೇಳು."

ಲಿಫ್ಟಿನಲ್ಲಿ ಸಿಕ್ಕಿಬಿದ್ದವರು ಕೆಂಪು ಗುಂಡಿ ಒತ್ತಿದರೆ ಫೋನಿನಲ್ಲಿ ಒಂದು ದನಿ ಬರುತ್ತದಲ್ಲ, "ಹೆದರಬೇಡಿ, ನಾನಿದ್ದೀನಿ" ಅಂತ, ಆ ದನಿಗಳ ಕಚೇರಿ ಅದು. ಸಿಕ್ಕಿಬಿದ್ದವರು ಹೊರಗೆ ಬಂದ ಸುದ್ದಿ ಮುಟ್ಟಿದ ಕೂಡಲೇ, ಅವರೊಂದಿಗೆ ಮಾತಾಡುತ್ತಿದ್ದವರು ಎದ್ದುಹೋಗಿ ಹಜಾರದ ಹಿತ್ತಾಳೆ ಗಂಟೆ ಹೊಡೆಯಬೇಕು. ಅದು ಅಲ್ಲಿನ ಹಳೆಯ ರೂಢಿ. ಗಂಟೆಯ ನಾಲಿಗೆ ಸಡಿಲ. ಮೊದಲ ಏಟಿಗೆ ಕೆಮ್ಮುತ್ತದೆ, ಎರಡನೆಯದಕ್ಕೆ ಹಾಡುತ್ತದೆ. ಹಿಂದೆ ಪಾರ್ಸೆಲ್ ಕೊಡಲು ಹೋದಾಗ ಕೆಂಡ ಗೇಟಿನ ಬಳಿ ನಿಂತು ಅದನ್ನು ಕೇಳಿದ್ದ. ಗಂಟೆಯ ಬೆನ್ನಿಗೇ ಒಳಗಿನವರೆಲ್ಲ ಹೋ ಎಂದು ಕೂಗಿದ್ದರು. ತಂಗಿ ಕೆಲಸ ಹುಡುಕುತ್ತಿದ್ದಾಗ, "ಅಲ್ಲಿಗೇ ಅರ್ಜಿ ಹಾಕೇ, ಅಲ್ಲಿ ಮನುಷ್ಯರಿದ್ದಾರೆ" ಎಂದವನೂ ಅವನೇ.

ಕೆಲಸವೇನೋ ಸಿಕ್ಕಿತು. ಅಷ್ಟರಲ್ಲಿ ಸೋಂಕು ಬಂದು ಕಚೇರಿ ಮುಚ್ಚಿತು. ಪೆಟ್ಟಿಗೆಯಲ್ಲಿ ಲ್ಯಾಪ್‌ಟಾಪ್ ಮನೆಗೆ ಬಂತು. ವರ್ಷಾನುಗಟ್ಟಲೆ ಹೊಸಬರ ಪಕ್ಕದಲ್ಲಿ ಕೂತು ಕಲಿಸುತ್ತಿದ್ದ ಮೇಷ್ಟ್ರನ್ನು ಆ ಕೆಲಸದಿಂದ ಬಿಡಿಸಿ, ಇನ್ನು ವೀಡಿಯೊಗಳೇ ಕಲಿಸುತ್ತವೆ ಎಂದು ಮ್ಯಾನೇಜರ್ ಆದೇಶ ಹೊರಡಿಸಿದ.

"ಹೋದ ಶುಕ್ರವಾರ ಪುಟ್ಟಿ ಮೊದಲನೇ ಸಲ ಒಬ್ಬ ಮುದುಕಿಯನ್ನ ಕಾಪಾಡಿದಳು," ಎಂದ ಕೆಂಡ. "ಬೆಳಗಿನ ಮೀಟಿಂಗಿನಲ್ಲಿ ಎಲ್ಲರೂ ಪರದೆ ಮೇಲೆ ಇದ್ರು. ಅದನ್ನ ಹೇಳ್ತಿದ್ದ ಹಾಗೇ ಗಂಟೆ ಹೊಡೀತು. ಎರಡು ಏಟು. ಹಳಬರೆಲ್ಲ ಕಣ್ಣೊರೆಸಿಕೊಂಡರಂತೆ."

"ಯಾರ ಮನೆಯಿಂದ ಬಂತು ಸದ್ದು?"

"ಅದೇ ಗ್ರಹಚಾರ. ಯಾರ ಕಡೆಯಿಂದ ಸದ್ದು ಬರುತ್ತೋ ಅವರ ಚೌಕದ ಸುತ್ತ ಹಳದಿ ಗೆರೆ ಹೊತ್ತಿಕೊಳ್ಳುತ್ತೆ. ಪುಟ್ಟಿಯದೇ ಹೊತ್ತಿಕೊಂಡಿತು. ಮ್ಯಾನೇಜರ್ ಆಫೀಸಿಗೆ ಹೋಗಿ ನೋಡ್ತಾನೆ, ಗಂಟೆ ಇಲ್ಲ. ಈ ಶನಿವಾರದೊಳಗೆ ತಂದುಕೊಡದಿದ್ರೆ ಕೆಲಸದಿಂದ ತೆಗೆದು ಪೊಲೀಸಿಗೆ ಕೊಡ್ತಾನಂತೆ. ಯಾರೂ ಮುಖ ಸರಿಯಾಗಿ ನೋಡಿಲ್ಲದ ಹುಡುಗಿ, ತಪ್ಪು ಹೊರಿಸೋಕೆ ಸುಲಭ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ!"

"ಪುಟ್ಟಿ ಏನಂತಾಳೆ?"

ಕೆಂಡ ತಲೆ ತಗ್ಗಿಸಿದ. "ಬಾಯಿಗೆ ಬೀಗ."

ದೊಡ್ಡಮ್ಮ ಕೆಳಗಿಳಿದು ಬಂದಳು. ಅಡುಗೆಮನೆಯ ಮೇಜೇ ತಂಗಿಯ ಕಚೇರಿ. ಲ್ಯಾಪ್‌ಟಾಪ್, ಅದರ ಪಕ್ಕಕ್ಕೆ ಒಂದು ಉದ್ದನೆಯ ಸ್ಟೀಲ್ ಲೋಟ. ಹುಡುಗಿಯ ಕಣ್ಣುಗಳು ಕೆಂಪಾಗಿ ಊದಿದ್ದವು.

"ಸದ್ದು ಎಲ್ಲಿಂದ ಬಂತು ಪುಟ್ಟಿ?"

"ಗೊತ್ತಿಲ್ಲ ದೊಡ್ಡಮ್ಮಾ." ಅವಳು ಕಾಲಿನ ಬೆರಳು ನೋಡುತ್ತ ನಿಂತಳು.

ದೊಡ್ಡಮ್ಮ ಲೋಟ ಎತ್ತಿ ಒಳಗೆ ಬೆರಳಾಡಿಸಿದಳು. "ಒಣಗಿದೆ."

"ನೀರು ಕುಡಿಯೇ ಅಂತ ದಿನಾ ಬೈತೀನಿ," ಎಂದ ಕೆಂಡ. "ಲೋಟ ಇಟ್ಕೋತಾಳೆ, ನೀರು ತುಂಬಲ್ಲ. ಅಲಂಕಾರಕ್ಕೆ ಇಟ್ಟಿರ್ತಾಳೆ!"

ತಂಗಿಯ ಮುಖ ಬಿಳಿಚಿಕೊಂಡಿತು. ದೊಡ್ಡಮ್ಮ ಲೋಟವನ್ನು ಇದ್ದ ಜಾಗದಲ್ಲೇ ಇಟ್ಟು, "ನೀನು ಆಫೀಸಿಗೆ ಹೋಗಿ ಬಾ ಕೆಂಡ," ಎಂದಳು. "ನಿನ್ನ ಫೋನು ನನ್ನ ಕಣ್ಣಾಗಿರಲಿ. ಕೈ ಮಾತ್ರ ಜೇಬಲ್ಲಿರಲಿ."

ಕಚೇರಿಯ ಮುದಿ ಕಾವಲುಗಾರ ಪಾರ್ಸೆಲ್ ಹುಡುಗನನ್ನು ಗುರುತು ಹಿಡಿದು ಬೀಗ ತೆಗೆದ. "ಮುಚ್ಚಿದ ಮೇಲೆ ಮ್ಯಾನೇಜರ್ ಬಿಟ್ರೆ ನೊಣ ಕೂಡ ಒಳಗೆ ಹೋಗಿಲ್ಲ ಕಣಪ್ಪ. ಬೇಕಾದ್ರೆ ಆಣೆ ಹಾಕ್ತೀನಿ."

ಒಳಗೆ ಕಾಲಿಟ್ಟ ಕೆಂಡ ಫೋನನ್ನು ಎತ್ತಿ ಹಿಡಿದು ಸುತ್ತ ತೋರಿಸಿದ. ಗೋಡೆಯ ಕ್ಯಾಲೆಂಡರ್ ಮುಚ್ಚಿದ ತಿಂಗಳಲ್ಲೇ ಉಳಿದಿತ್ತು. ಯಾರದೋ ಸ್ವೆಟರ್ ಕುರ್ಚಿಯ ಬೆನ್ನಿಗೆ ತೋಳು ಚಾಚಿಕೊಂಡು ಮಲಗಿತ್ತು. ಅರ್ಧ ಬಿಡಿಸಿದ ಪದಬಂಧದ ಮೇಲೆ ಪೆನ್ಸಿಲ್. ಪ್ರತಿ ಮೇಜಿಗೂ ಎರಡು ಕುರ್ಚಿ, ಫೋನಿಗೆ ಎರಡು ಇಯರ್‌ಫೋನು.

"ಇದ್ಯಾಕೆ ಎರಡೆರಡು, ಅಜ್ಜ?"

"ಒಂದು ಹೊಸಬರ ಕಿವಿಗೆ, ಇನ್ನೊಂದು ಮೇಷ್ಟ್ರ ಕಿವಿಗೆ. ಹೊಸಬರು ತಡವರಿಸಿದ್ರೆ ಮೇಷ್ಟ್ರು ಮೆಲ್ಲಗೆ ಮೊಣಕೈ ತಟ್ಟೋರು. ಜೊತೆಗಿವಿ ಅಂತಿದ್ರು ಅದನ್ನ. ಏನು ಗಲಾಟೆ, ಏನು ನಗು ಇಲ್ಲಿ! ಈಗ ನನ್ನ ಕೆಮ್ಮು ನನಗೇ ವಾಪಸ್ ಕೇಳ್ಸುತ್ತೆ."

ಎಲ್ಲೆಲ್ಲೂ ಧೂಳು. ಕುರ್ಚಿ, ಮೇಜು, ಗಡಿಯಾರ ಎಲ್ಲದರ ಮೇಲೂ ಸೀಮೆಸುಣ್ಣದಲ್ಲಿ ಬರೆದ ಅಂಕಿಗಳು. ಗಂಟೆಯ ಖಾಲಿ ಕೊಕ್ಕೆಯ ಕೆಳಗೂ ಗೋಡೆಯ ಮೇಲೆ ಒಂದು ಅಂಕಿ ಇತ್ತು. ಮೆಟ್ಟಿಲುಗಳ ಉದ್ದಕ್ಕೂ ಹಸಿರಾಗಿ ನಳನಳಿಸುವ ಗಿಡದ ಕುಂಡಗಳು. ಒಂದು ಮೆಟ್ಟಿಲ ಮೇಲೆ ಮಾತ್ರ ಕುಂಡವಿರಲಿಲ್ಲ. ಅಲ್ಲಿ ಧೂಳಿಲ್ಲದ ದುಂಡನೆಯ ಗುರುತಿತ್ತು.

"ಗಿಡಕ್ಕೆ ಯಾರು ನೀರು ಹಾಕ್ತಾರೆ ಕೇಳು," ಫೋನಿನಿಂದ ದೊಡ್ಡಮ್ಮ ಅಂದಳು.

ಕಾವಲುಗಾರ ಕಣ್ಣು ಪಿಳಿಪಿಳಿ ಬಿಟ್ಟ. "ಮಳೆ ಬಂತಲ್ಲ ತಾಯಿ."

"ಸೂರಿನ ಕೆಳಗೆ ಮಳೆ ಬರಿಸೋ ಪುಣ್ಯಾತ್ಮರು ಯಾರು?"

ಮುದುಕ ಟೋಪಿ ತೆಗೆದು ತಲೆ ಕೆರೆದುಕೊಂಡ. ದೊಡ್ಡಮ್ಮನಿಗೆ ಅಷ್ಟೇ ಸಾಕಾಗಿತ್ತು.

ಶನಿವಾರ ಎಲ್ಲರೂ ಪರದೆಯ ಮೇಲೆ ಕೂಡಿದರು. ಒಂದು ಚೌಕದಲ್ಲಿ ಕಚೇರಿಯ ಯಜಮಾನರು, ಒಂದರಲ್ಲಿ ಕತ್ತುಪಟ್ಟಿ ಬಿಗಿದ ಮ್ಯಾನೇಜರ್, ಒಂದರಲ್ಲಿ ಕಾವಲುಗಾರ. ಮೂಲೆಯ ಚೌಕದಲ್ಲಿ ಮೈಕು ಆರಿಸಿಕೊಂಡ ಮೇಷ್ಟ್ರು, ಬಿಳಿ ಗಡ್ಡ, ತಗ್ಗಿದ ಕಣ್ಣು. ತಂಗಿ ತನ್ನ ಮೇಜಿನ ಮುಂದೆ. ದೊಡ್ಡಮ್ಮ ಮೇಲಿನ ಮನೆಯಲ್ಲಿ ಒಬ್ಬಳೇ.

"ಹುಡುಗಿ ತಪ್ಪೊಪ್ಪಿಕೊಳ್ಳೋದಾದ್ರೆ ಬೇಗ ಮುಗಿಸಿ," ಎಂದ ಮ್ಯಾನೇಜರ್.

"ಒಂದು ನಿಮಿಷ," ಎಂದಳು ದೊಡ್ಡಮ್ಮ.

ಎಲ್ಲೋ ಠಣ್ ಎಂದು ತಟ್ಟೆಗೆ ಚಮಚ ಬಡಿದ ಸದ್ದು. ಹಳದಿ ಗೆರೆ ದೊಡ್ಡಮ್ಮನ ಚೌಕದ ಸುತ್ತ ಹೊತ್ತಿಕೊಂಡಿತು. ಅವಳು ಖಾಲಿ ಕೈಗಳನ್ನು ಎತ್ತಿ ತೋರಿಸಿದಳು.

"ತಟ್ಟೆ ಬಡಿದವನು ನನ್ನ ತಂಗಿ ಮಗ, ಕೆಳಗೆ ಬೀದಿಯಲ್ಲಿದ್ದಾನೆ. ನನ್ನ ಹತ್ರ ಇರೋದು ಇದು." ಅವಳು ಸ್ಟೀಲ್ ಲೋಟ ಎತ್ತಿದಳು. ಒಳಗೆ ಫೋನು ನಿಂತಿತ್ತು. "ಲೋಟದೊಳಗೆ ಫೋನಿಟ್ರೆ ಸದ್ದು ದೊಡ್ಡದಾಗುತ್ತೆ. ನಿಮ್ಮ ಹಳದಿ ಗೆರೆಗೆ ಸದ್ದು ಯಾವ ಕಿಟಕಿಯಿಂದ ಬಂತು ಅಂತ ಗೊತ್ತು, ಯಾವ ಮನೆಯದು ಅಂತ ಗೊತ್ತಿಲ್ಲ. ಪುಟ್ಟಿ ಮೇಜಿನ ಮೇಲೂ ಇಂಥದೇ ಲೋಟ ಇದೆ, ಯಾವಾಗಲೂ ಒಣಗಿರುತ್ತೆ. ದಿನವಿಡೀ ಯಾರೋ ಫೋನಿನಲ್ಲಿ ಅವಳ ಪಕ್ಕ ಕೂತಿರ್ತಿದ್ರು. ಜೊತೆಗಿವಿಯಾಗಿ."

"ಅದು ನಿಯಮಕ್ಕೆ ವಿರುದ್ಧ!" ಮ್ಯಾನೇಜರ್ ಮುಂದಕ್ಕೆ ಬಾಗಿದ. "ಯಾರದು?"

"ಗಿಡಕ್ಕೆ ನೀರು ಹಾಕೋರು. ಮುಚ್ಚಿದ ಕಟ್ಟಡದಲ್ಲಿ ಗಿಡ ಹಸಿರಾಗಿದೆ ಅಂದ್ರೆ ಯಾರೋ ಬರ್ತಿದ್ರು. ಕಾವಲಿನವರು ಅವರನ್ನ ಹೊರಗಿನವರು ಅಂತ ಎಣಿಸ್ಲೇ ಇಲ್ಲ. ಮೆಟ್ಟಿಲ ಮೇಲಿಂದ ಒಂದು ಕುಂಡ ಹೋಗಿದೆ. ಕುಂಡದಲ್ಲಿ ಮಣ್ಣಿನ ಕೆಳಗೆ ಏನಿದೆ ಅಂತ ಯಾರು ಕೆದಕಿ ನೋಡ್ತಾರೆ? ಗಂಟೆ ಹೋದದ್ದು ಹಾಗೆ. ಯಾಕೆ ಹೋಯ್ತು ಅನ್ನೋದಕ್ಕೆ ಉತ್ತರ ಗೋಡೆ ಮೇಲಿದೆ. ಕುರ್ಚಿ, ಗಡಿಯಾರ, ಗಂಟೆ ಎಲ್ಲದಕ್ಕೂ ನಂಬರ್ ಬಿದ್ದಿದೆ. ಆಫೀಸು ಮತ್ತೆ ತೆಗೆಯಲ್ಲ, ಅಲ್ವಾ ಮ್ಯಾನೇಜರೇ? ಸಾಮಾನು ಗುಜರಿಗೆ. ಇವರಿಗೆ ಯಾರಿಗೂ ಹೇಳಿಲ್ಲ."

ಚೌಕಗಳಲ್ಲೆಲ್ಲ ಗದ್ದಲವೆದ್ದಿತು. ಕುಂಬಳಕಾಯಿ ಕಳ್ಳನ ಹಾಗೆ ಮ್ಯಾನೇಜರನ ಕೈ ಕತ್ತುಪಟ್ಟಿಗೆ ಹೋಯಿತು. ಯಜಮಾನರು ಅವನನ್ನೇ ನೋಡಿದರು. "ಗಂಟೆಗೂ ನಂಬರ್ ಹಾಕಿದ್ಯಾ?"

"ಎಲ್ಲದಕ್ಕೂ ಹಾಕು ಅಂದಿದ್ರಿ, ಸಾರ್."

"ಹುಡುಗಿ ಕಳ್ಳಿ ಅಲ್ಲ ಅಂತ ತೋರಿಸಿದ್ದೀನಿ," ಎಂದಳು ದೊಡ್ಡಮ್ಮ. "ಹೆಸರು ನಾನು ಹೇಳಲ್ಲ. ಆ ಹೆಸರನ್ನ ಉಳಿಸೋಕೆ ಅವಳು ತನ್ನ ಅನ್ನವನ್ನೇ ಬಿಡೋಕೆ ತಯಾರಿದ್ಲು. ಅದನ್ನ ಕಿತ್ತುಕೊಳ್ಳೋ ಹಕ್ಕು ನನಗಿಲ್ಲ."

"ಬೇಡ ಮೇಷ್ಟ್ರೇ!" ತಂಗಿ ಕೂಗಿಬಿಟ್ಟಳು. ಆದರೆ ಮೂಲೆಯ ಚೌಕದಲ್ಲಿ ಆಗಲೇ ಮೈಕು ಹೊತ್ತಿಕೊಂಡಿತ್ತು.

"ಸಾಕು ಮಗಾ," ಎಂದರು ಮೇಷ್ಟ್ರು. ಬಗ್ಗಿ ಒಂದು ಕುಂಡವನ್ನು ಎತ್ತಿ ಮೇಜಿನ ಮೇಲಿಟ್ಟು, ಅದರೊಳಗಿಂದ ಹಳೇ ಬಟ್ಟೆ ಸುತ್ತಿದ ಗಂಟೆಯನ್ನು ತೆಗೆದರು. "ಶುಕ್ರವಾರವೇ ಬಾಯಿ ಬಿಡಬೇಕಿತ್ತು ನಾನು. ನಿವೃತ್ತಿಗೆ ಹತ್ತಿರ ಬಂದವನು, ಹೆದರಿದೆ. ಇವಳು ನನ್ನ ಬಾಯಿ ಕಟ್ಟಿದಳು, ನಾನು ಕಟ್ಟಿಸಿಕೊಂಡೆ. ಆದರೆ ಯಜಮಾನರೇ, ಕತ್ತಲ ಲಿಫ್ಟಿನಲ್ಲಿ ಒಬ್ಬರು ಅಳ್ತಿರುವಾಗ ಏನು ಮಾತಾಡಬೇಕು ಅಂತ ವೀಡಿಯೊ ಕಲಿಸಲ್ಲ. ಪಕ್ಕದಲ್ಲಿ ಒಂದು ಉಸಿರು ಬೇಕು. ಗೆದ್ದ ಮೇಲೆ ಒಂದು ಗಂಟೆ ಬೇಕು. ಇವಳ ಮೊದಲ ಗಂಟೆ ತಪ್ಪಬಾರದು ಅಂತ ಹೊಡೆದೆ. ನನ್ನನ್ನ ತೆಗೀರಿ. ಇವಳನ್ನ ಬಿಡಿ."

ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. "ಈ ಗಂಟೆ ತಂದು ನೇತು ಹಾಕಿದ್ದು ನಾನು," ಎಂದರು. "ಆಗ ನಾವು ನಾಲ್ಕೇ ಜನ. ಕಟ್ಟಡ ಉಳಿಸೋಕೆ ನನ್ನ ಕೈಲಾಗಲ್ಲ ಮೇಷ್ಟ್ರೇ. ಹೇಳದೆ ಇದ್ದದ್ದು ನನ್ನ ತಪ್ಪು. ಗಂಟೆಯ ನಂಬರು ಅಳಿಸಿದೀನಿ ಅನ್ಕೊಳ್ಳಿ. ನಾಳೆಯಿಂದ ಹೊಸಬರಿಗೆಲ್ಲ ನೀವೇ ಜೊತೆಗಿವಿ." ಆಮೇಲೆ ಮ್ಯಾನೇಜರನ ಕಡೆ ತಿರುಗಿದರು. "ಆ ಹುಡುಗಿಯ ಕ್ಷಮೆ ಕೇಳು. ಎಲ್ಲರ ಮುಂದೆ, ಈಗಲೇ."

ಕಟ್ಟಡ ಉಳಿಯಲಿಲ್ಲ. ಕುರ್ಚಿ, ಗಡಿಯಾರ ಎಲ್ಲ ಲಾರಿ ಹತ್ತಿ ಹೋದವು. ಆ ಸ್ವೆಟರ್ ಯಾರದು ಎಂದು ಕೊನೆಗೂ ಗೊತ್ತಾಗಲಿಲ್ಲ. ಗಂಟೆ ಮಾತ್ರ ಊರು ತಿರುಗತೊಡಗಿತು. ಹೊಸಬರು ಯಾರಾದರೂ ಮೊದಲ ಸಲ ಒಬ್ಬರನ್ನು ಕಾಪಾಡಿದರೆ ಮೇಷ್ಟ್ರು ಕೆಂಡನಿಗೆ ಫೋನು ಮಾಡುತ್ತಿದ್ದರು. ಅವನು ಅದೇ ಕುಂಡವನ್ನು ಬೈಕಿಗೆ ಕಟ್ಟಿಕೊಂಡು ಹೋಗಿ, ಬಾಗಿಲ ಮುಂದೆ ಇಟ್ಟು, ಗೇಟಿನ ಹೊರಗೆ ನಿಲ್ಲುತ್ತಿದ್ದ.

ಮೊದಲು ಕೊಂಡೊಯ್ದದ್ದು ಅವನ ಮನೆಗೇ. ತಂಗಿ ಕೈ ತೊಳೆದು ಬಂದು ಗಂಟೆಯನ್ನು ಎತ್ತಿ ಹಿಡಿದಳು. ಒಂದು ಏಟು. ಗಂಟೆ ಕೆಮ್ಮಿತು. ಮೇಲಿನ ಕಿಟಕಿಯಿಂದ ದೊಡ್ಡಮ್ಮ, "ಅಷ್ಟೇನಾ?" ಎಂದಳು.

"ತಡಿ ದೊಡ್ಡಮ್ಮಾ," ಎಂದ ಕೆಂಡ. "ಇನ್ನೊಂದಿದೆ."