ಇಬ್ಬರಿಗೆ ಇಟ್ಟ ಮಟ್ಟ

ಒಂದೇ ವಾರದಲ್ಲಿ ಮೂರನೇ ಸಲ ಅವಳು ಮಹಡಿ ಹತ್ತಿ ಬಂದಿದ್ದಳು. ಮೂರನೇ ಸಲವೂ ರೆಕಾರ್ಡ್ ಪ್ಲೇಯರ್ ಏನೂ ಅರಿಯದ ಮಗುವಿನ ಹಾಗೆ ತಣ್ಣಗೆ ಹಾಡುತ್ತಿತ್ತು.

"ಎಲ್ಲಿ ಇನ್‌ಸ್ಪೆಕ್ಟ್ರೇ ನಿಮ್ಮ ಕಂಪ್ಲೇಂಟು? ಹಾಜರು ಮಾಡಿ ನೋಡೋಣ," ಎಂದು ಅವಳು ಟೂಲ್ ಬ್ಯಾಗು ನೆಲಕ್ಕಿಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ನಿನ್ನೆ ಕೊನೇ ಹಾಡಲ್ಲಿ ಸಿಕ್ಕಾಕ್ಕೊಂಡಿತ್ತು ರೀ, ಆಣೆಗೂ. ಒಂದೇ ಸಾಲು. ಹೇಳಿದ್ದೇ ಹೇಳ್ತಿತ್ತು."

"ನಾನು ಬಂದ ತಕ್ಷಣ ವಾಸಿಯಾಯ್ತು?"

"ಹೂಂ."

ಅವಳು ಕಣ್ಣು ಕಿರಿದು ಮಾಡಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ತುಟಿಯ ಒಂದು ಕೊನೆ ಮಾತ್ರ ನಕ್ಕಿತು. ಅಷ್ಟರಲ್ಲಿ ಕೆಳಗಿನಿಂದ ಅವನ ಅಕ್ಕನ ದನಿ ಮೆಟ್ಟಿಲು ಹತ್ತಿ ಬಂತು: "ಆಕೇನ ನೋಡ್ಬೇಕು ಅನ್ಸಿದ್ರೆ ನೇರವಾಗಿ ಕರಿಯೋ! ಪಾಪದ ಮಿಷನ್ ಮೇಲೆ ಯಾಕೆ ಗೂಬೆ ಕೂರಿಸ್ತೀಯ?"

ಅವನ ಕಿವಿ ಕೆಂಪಾಯಿತು. ಐವತ್ತೆರಡು ವರ್ಷದ ಗಂಡಸಿನ ಕಿವಿ ಅಷ್ಟು ಕೆಂಪಾಗಬಹುದೆಂದು ಅವಳಿಗೆ ಗೊತ್ತಿರಲಿಲ್ಲ.

ಅವನು ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರ್. ಇಪ್ಪತ್ತಾರು ವರ್ಷ ಅಂಗಡಿ ಅಂಗಡಿ ತಿರುಗಿ ತಕ್ಕಡಿ ಪರೀಕ್ಷಿಸಿದ್ದ. ಅಪ್ಪ ಅಮ್ಮನ ಕಾಯಿಲೆ ಕಸಾಲೆ ನೋಡಿಕೊಳ್ಳುವುದರಲ್ಲಿ ಮದುವೆಯ ವಯಸ್ಸು ಕೈಬಿಟ್ಟಿತ್ತು. ಅಕ್ಕನ ಮನೆಯ ಮಹಡಿ ಮೇಲೆ ಒಂದು ಕೋಣೆ, ಮರದ ಹಲಗೆಯ ನೆಲ, ಒಂದು ಕುರ್ಚಿ, ನಲವತ್ತು ರೆಕಾರ್ಡು. ಇಷ್ಟೇ ಅವನ ಸಂಸಾರ.

ಅವಳು ಬೀಗದ ಕೈ ಮಾಡುವವನ ಮತ್ತು ಕನ್ನಡಕದವನ ನಡುವೆ, ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಹೊರಗೆ ಬರಬೇಕಾದಷ್ಟು ಅಗಲದ ಅಂಗಡಿಯಲ್ಲಿ, ಹದಿನೆಂಟು ವರ್ಷದಿಂದ ರೆಕಾರ್ಡ್ ಪ್ಲೇಯರ್ ರಿಪೇರಿ ಮಾಡುತ್ತಿದ್ದಳು. ಇಡೀ ಮಾರ್ಕೆಟ್ಟು ಅವಳನ್ನು 'ಸೂಜಿ ಮೇಡಂ' ಎನ್ನುತ್ತಿತ್ತು. ಒಮ್ಮೆ ಮದುವೆಯಾಗಿತ್ತು. "ಅದು ಓಡಲಿಲ್ಲ," ಎಂದಷ್ಟೇ ಹೇಳುತ್ತಿದ್ದಳು, ಕೆಟ್ಟ ಮೋಟರ್ ಬಗ್ಗೆ ಹೇಳಿದ ಹಾಗೆ.

ಅವನ ಪ್ಲೇಯರಿನ ತೋಳು ಮಾಮೂಲಿ ತೋಳಲ್ಲ. ಲೀನಿಯರ್ ಟ್ರ್ಯಾಕಿಂಗ್. ಮೊದಲ ದಿನ ಅವಳೇ ಅದನ್ನು ಅಕ್ಕನಿಗೆ ಅರ್ಥಮಾಡಿಸಿದ್ದಳು. "ಮಾಮೂಲಿ ತೋಳು ಬಾಗಿಲಿದ್ದ ಹಾಗೆ ಅಕ್ಕ, ಒಂದು ಕಡೆ ಕೀಲು, ಬಳಸಿಕೊಂಡು ಬರುತ್ತೆ. ಇದು ಮೇಜಿನ ಡ್ರಾಯರ್ ಇದ್ದ ಹಾಗೆ, ನೇರವಾಗಿ ಒಳಗೆ ಹೋಗುತ್ತೆ. ರೆಕಾರ್ಡು ಕೊರೆಯೋ ಮಿಷನ್ನೂ ಹೀಗೇ ನೇರವಾಗಿ ಹೋಗಿರುತ್ತೆ. ಹೆಂಗೆ ಬರೆದ್ರೋ ಹಂಗೇ ಓದುತ್ತೆ."

ಕಂಬಿಯ ಮೇಲೆ ಒಂದು ಪುಟ್ಟ ಗಾಡಿ, ಗಾಡಿಗೆ ಸೂಜಿ. ಎಳೆಯಲು ಮೋಟರ್ ಇಲ್ಲ, ರೆಕಾರ್ಡಿನ ಗೆರೆಯೇ ಸೂಜಿಯನ್ನು ಕೈಹಿಡಿದು ಒಳಕ್ಕೆ ಕರೆದೊಯ್ಯಬೇಕು. ಹಳೆಯ ಗಾಡಿಗೆ ಸಾಸಿವೆಯಷ್ಟು ಚಕ್ರಗಳಿದ್ದವು. ಒಂದು ಕಣ ಧೂಳು ಕೂತರೆ ಮುಷ್ಕರ. ಅವಳು ಅದನ್ನು ಕಿತ್ತು ಹೊಸದು ಕೂರಿಸಿದ್ದಳು: ಸಣ್ಣ ತೂತುಗಳ ಕಂಬಿ, ಅದರೊಳಗೆ ಗಾಳಿ, ಗಾಳಿಯ ಮೇಲೆ ತೇಲುವ ಗಾಡಿ. ಮೀನಿನ ತೊಟ್ಟಿಗೆ ಊದುವಂಥ ಪಂಪನ್ನು ಬಚ್ಚಲಲ್ಲಿಟ್ಟು, ಬಾಗಿಲ ಸಂದಿಯಿಂದ ಪೈಪು ಎಳೆದಿದ್ದಳು. ಕೂದಲೆಳೆಗಿಂತ ತೆಳ್ಳಗಿನ ವೈರುಗಳನ್ನು ಉಸಿರು ಬಿಗಿಹಿಡಿದು ಬೆಸೆದಿದ್ದಳು. ಕೊನೆಗೆ ಕಿಟಕಿಯ ಪಕ್ಕ ನಿಂತು, ಕಂಬಿಯ ಮೇಲೆ ರಸಮಟ್ಟ ಇಟ್ಟು, ಗುಳ್ಳೆ ನಟ್ಟನಡುವೆ ಬರುವವರೆಗೆ ಮಟ್ಟದ ಸ್ಕ್ರೂ ತಿರುಗಿಸಿದ್ದಳು.

ಅಷ್ಟಾದರೂ ಈ ದೂರು.

"ಬರ್ತೀನಿ. ಇನ್ನೊಂದ್ಸಲ ಕರೆದ್ರೆ ಸಾಕ್ಷಿ ಸಮೇತ ಕರೀರಿ," ಎಂದು ಅವಳು ಹೊರಟಳು. ಅವನು ಸೂಜಿ ಎತ್ತಿ, ಪೆಚ್ಚಾಗಿ ಗಾಡಿಯನ್ನೇ ನೋಡುತ್ತ ನಿಂತ. ಅವಳು ಹೊಸ್ತಿಲು ದಾಟಿದಳು. ಗಾಡಿ ತಾನಾಗಿ, ಯಾರೋ ಉಫ್ ಎಂದ ಹಾಗೆ, ಹೊರಕ್ಕೆ ಜಾರಿತು.

"ನಿಲ್ಲಿ!" ಎಂದು ಅವನು ಕೂಗಿದ ಕೂಗಿಗೆ ಅವಳು ಗೋಡೆ ಹಿಡಿದುಕೊಂಡಳು. "ಒಳಗೆ ಬನ್ನಿ. ಕಿಟಕಿ ಹತ್ರ. ಹಾಂ. ಈಗ ಹೊರಗೆ ಹೋಗಿ. ಮತ್ತೆ ಒಳಗೆ."

"ಏನ್ರೋ ಅದು, ಈ ವಯಸ್ಸಲ್ಲಿ ಕುಂಟೆಬಿಲ್ಲೆ?" ಎಂದಳು ಕೆಳಗಿನಿಂದ ಅಕ್ಕ.

ಅವಳು ಒಳಗಿದ್ದರೆ ಗಾಡಿ ನಿಲ್ಲುತ್ತಿತ್ತು. ಹೊರಗೆ ಹೋದರೆ ಜಾರುತ್ತಿತ್ತು. ಅವಳು ಬಗ್ಗಿ ಹಲಗೆಯ ನೆಲವನ್ನು ಬೆರಳಿನಿಂದ ತಟ್ಟಿದಳು. ಮುಖದ ಮೇಲೆ ಮೊದಲು ನಾಚಿಕೆ, ಆಮೇಲೆ ನಗು. ಕಿಟಕಿಯ ಪಕ್ಕ ತಾನು ನಿಂತು ಮಟ್ಟ ನೋಡಿದ್ದಳು. ತನ್ನ ಭಾರಕ್ಕೆ ನೆಲ ಕೂದಲೆಳೆಯಷ್ಟು ಬಗ್ಗಿದ್ದು ಅವಳ ಲೆಕ್ಕಕ್ಕೆ ಬಂದಿರಲಿಲ್ಲ.

"ಹದಿನೆಂಟು ವರ್ಷದ ಕಸುಬು ಮಣ್ಣುಪಾಲಾಯ್ತು ನೋಡಿ. ಎಲ್ಲಾನೂ ಅಳೆದೆ, ನನ್ನ ಭಾರ ನಾನೇ ಮರೆತೆ. ಈ ಕೋಣೇಲಿ ಇಬ್ಬರು ಇದ್ರೆ ಮಾತ್ರ ಇದು ಹಾಡುತ್ತೆ."

ಬ್ಯಾಗಿನಿಂದ ಕೆಂಪು ಉಗುರುಬಣ್ಣದ ಶೀಶೆ ತೆಗೆದು ಸ್ಕ್ರೂ ತಲೆಯ ಮೇಲೆ ಒಂದು ಚುಕ್ಕೆ ಇಟ್ಟಳು. "ಚುಕ್ಕೆ ಕಿಟಕಿ ಕಡೆ ಇದ್ರೆ ಇಬ್ಬರಿಗೆ. ಕಾಲು ಸುತ್ತು ತಿರುಗಿಸಿ ಬಾಗಿಲ ಕಡೆ ತಂದ್ರೆ ಒಬ್ಬರಿಗೆ. ತಿರುಗಿಸ್ಲಾ?"

"ಇರ್ಲಿ ಬಿಡಿ."

"ಮತ್ತೆ ನಾನಿಲ್ಲದಾಗ ಹೇಗೆ ಕೇಳ್ತೀರಿ?"

"ನೀವಿದ್ದಾಗಲೇ ಕೇಳ್ತೀನಿ."

ಶೀಶೆಯ ಮುಚ್ಚಳ ಹಾಕಲು ಅವಳಿಗೆ ಎರಡು ಸಲ ಬೇಕಾಯಿತು.

ಅಂದಿನಿಂದ ಭಾನುವಾರ ನಾಲ್ಕು ಗಂಟೆ ಎಂದರೆ ಅವಳು ಕಿಟಕಿಯ ಪಕ್ಕ, ಅವನು ಎದುರು ಗೋಡೆಯ ಕುರ್ಚಿಯಲ್ಲಿ. ನಡುವೆ ತಿರುಗುವ ರೆಕಾರ್ಡು. ಹತ್ತಿರ ಬರುವ ಹಾಗಿಲ್ಲ, ಬಂದರೆ ಮಟ್ಟ ಕೆಡುತ್ತದೆ. ಹಾಡು ಮುಗಿಯುವವರೆಗೆ ನೋಟ ಮಾತ್ರ ಓಡಾಡಬೇಕು. ಅವಳು ಮುಂಗುರುಳನ್ನು ಕಿವಿಯ ಹಿಂದೆ ಸಿಕ್ಕಿಸಿದರೆ ಅವನ ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಅವಳಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಮತ್ತೊಮ್ಮೆ ಸಿಕ್ಕಿಸುತ್ತಿದ್ದಳು.

ಒಂದು ಭಾನುವಾರ ಅವನು ತಡೆಯಲಾರದೆ ಎದ್ದು ಎರಡು ಹೆಜ್ಜೆ ಇಟ್ಟ. ಸೂಜಿ ಕೆರ್ರೆಂದು ಅರ್ಧ ಹಾಡು ಹಾರಿತು.

"ಏನೋ ಅದು ಎಗರಿದ್ದು?" ಎಂದಳು ಅಕ್ಕ.

"ಏನಿಲ್ಲಕ್ಕ, ಧೂಳು!" ಎಂದರು ಇಬ್ಬರೂ ಒಟ್ಟಿಗೆ.

ಉಳಿದ ದಿನಗಳಿಗೆ ಅವನು ಇಲಾಖೆ ತಿರಸ್ಕರಿಸಿದ ಹಳೆಯ ತೂಕದ ಬಟ್ಟುಗಳನ್ನು ತಂದಿಟ್ಟುಕೊಂಡಿದ್ದ. ಅವಳ ಜಾಗದಲ್ಲಿ ಒಂದೊಂದಾಗಿ ಇಟ್ಟುನೋಡಿದ. ಇಪ್ಪತ್ತು, ಇಪ್ಪತ್ತು, ಹತ್ತು, ಐದು, ಎರಡು, ಒಂದು. ಗಾಡಿ ನಿಂತಿತು.

"ಐವತ್ತೆಂಟು," ಎಂದು ಮರುವಾರ ಬಾಯಿತಪ್ಪಿ ಹೇಳಿಬಿಟ್ಟ.

"ಹೆಂಗಸರ ತೂಕ ಹೀಗೆ ಕಳ್ಳದಾರೀಲಿ ಕಂಡುಹಿಡಿಯೋದಾ! ನಿಮ್ಮ ಮೇಲೇ ಕೇಸು ಹಾಕ್ಬೇಕು," ಎಂದು ಅವಳು ಒರೆಸುವ ಬಟ್ಟೆ ಎಸೆದಳು.

ಏಳು ತಿಂಗಳು ಹೀಗೆ ಕಳೆಯಿತು. ಆಮೇಲೆ ಒಂದು ಭಾನುವಾರ, ಅವಳು ಕಿಟಕಿಯ ಪಕ್ಕ ನಿಂತಿದ್ದಾಗಲೇ, ಕೊನೆಯ ಹಾಡು ಆ ಸಾಲಿಗೆ ಬಂದು ಸಿಕ್ಕಿಕೊಂಡಿತು.

ಇಬ್ಬರೂ ಗಾಡಿಯನ್ನು ನೋಡಿದರು. ಸೂಜಿ ಎತ್ತಿದರೆ ಅದು ನಿಧಾನವಾಗಿ ಹೊರಕ್ಕೆ ಜಾರಿತು.

"ಬೇಸಿಗೆ ಅಲ್ವಾ. ಮರ ಒಣಗಿರ್ಬೇಕು," ಎಂದಳು. ಹೇಳುವಾಗ ಅವನ ಕಡೆ ನೋಡಲಿಲ್ಲ.

ಅವಳು ಹೋದ ಮೇಲೆ ಅವನು ಅವಳ ಜಾಗದಲ್ಲಿ ಐವತ್ತೆಂಟು ಕೆಜಿ ಇಟ್ಟ. ಗಾಡಿ ಕಲ್ಲಿನ ಹಾಗೆ ನಿಂತಿತು. ಮರಕ್ಕೆ ಏನೂ ಆಗಿರಲಿಲ್ಲ. ಒಂದೊಂದೇ ಬಟ್ಟು ತೆಗೆದ. ಐವತ್ತಕ್ಕೆ ಇಳಿದಾಗ ಗಾಡಿ ಅವಳಿದ್ದಾಗ ಜಾರಿದಷ್ಟೇ ನಿಧಾನವಾಗಿ ಜಾರಿತು. ಇಪ್ಪತ್ತಾರು ವರ್ಷದಲ್ಲಿ ಎಷ್ಟೋ ಖೋಟಾ ತೂಕ ಹಿಡಿದಿದ್ದ. ಈ ಒಂದನ್ನು ಹಿಡಿಯಬಾರದಿತ್ತು ಎನ್ನಿಸಿತು.

ಮರುದಿನ ಕಚೇರಿಗೆ ರಜೆ ಹಾಕಿ ಅಂಗಡಿಗೇ ಹೋದ. ಅವಳು ಭೂತಗನ್ನಡಿಯ ಕೆಳಗೆ ಸೂಜಿ ಒರೆಸುತ್ತಿದ್ದಳು. ರವಿಕೆಯ ತೋಳು ಸಡಿಲವಾಗಿ ಜೋಲುತ್ತಿತ್ತು. ಇಷ್ಟು ದಿನ ಮುಂಗುರುಳು ನೋಡಿದ ಕಣ್ಣು ಇದನ್ನು ನೋಡಿರಲಿಲ್ಲ.

"ಎಂಟು ಕೆಜಿ ಎಲ್ಲಿ ಹೋಯ್ತು?"

ಅವಳು ತಲೆಯೆತ್ತಲಿಲ್ಲ. "ತೂಕದ ಇಲಾಖೆಯವರ ಹತ್ರ ಕಳ್ಳತನ ನಡೆಯಲ್ಲ ಅಲ್ವಾ."

"ಹೇಳಿ."

"ಹೊಟ್ಟೆ ಒಳಗೆ ಗೆಡ್ಡೆ. ಡಾಕ್ಟ್ರು ಕೊಯ್ದು ನೋಡಿ, ಹಾಗೇ ಹೊಲಿಗೆ ಹಾಕಿ ಕಳಿಸಿದ್ರು. ಊರಿಗೆ ಹೋಗ್ತೀನಿ ಅಂತ ಎರಡು ವಾರ ಬರ್ಲಿಲ್ವಲ್ಲ, ಆಗ. ಇನ್ನೊಂದೈದು ತಿಂಗಳು ಅಂದಿದ್ದಾರೆ." ಸೂಜಿಯನ್ನು ಡಬ್ಬಿಯಲ್ಲಿಟ್ಟು ಮುಚ್ಚಿದಳು. "ಯಾರಿಗೂ ಹೇಳಿರ್ಲಿಲ್ಲ. ನಿಮ್ಮ ಮನೆ ನೆಲಕ್ಕೇ ಮೊದಲು ಗೊತ್ತಾಗಿದ್ದು."

ಪಕ್ಕದ ಅಂಗಡಿಯಲ್ಲಿ ಬೀಗದ ಕೈ ಅರೆಯುವ ಸದ್ದು ನಿಂತು ಮತ್ತೆ ಶುರುವಾಯಿತು.

"ಭಾನುವಾರ ಬಂದು ಸ್ಕ್ರೂ ತಿರುಗಿಸಿಬಿಡ್ತೀನಿ. ಒಬ್ಬರಿಗೆ ಇಟ್ಟುಬಿಡೋಣ. ವಾರ ವಾರ ನಾನು ಕರಗೋದನ್ನ ನೀವು ಬಟ್ಟು ಇಟ್ಟು ಅಳೀತಾ ಕೂರೋದು ಬೇಡ."

ಹೇಳಿದ ಹಾಗೆ ಬಂದಳು. ಸ್ಕ್ರೂ ತಿರುಗಿಸುವ ಕೀಲಿ ಹಿಡಿದು ಬಗ್ಗಿದಳು. ಅವನು ಅವಳ ಮಣಿಕಟ್ಟು ಹಿಡಿದ. ಎರಡು ಬೆರಳಿಗೆ ಸಿಗುವಷ್ಟು ತೆಳ್ಳಗಿತ್ತು.

"ಮುಟ್ಟಬೇಡ."

ಆ ಒಂದು ಮಾತಿಗೆ ಅವಳು ತಟ್ಟನೆ ಮುಖವೆತ್ತಿದಳು. ಇಷ್ಟು ದಿನ 'ಬೇಡಿ' ಎನ್ನುತ್ತಿದ್ದವನು 'ಬೇಡ' ಎಂದಿದ್ದ.

"ಏನಂದ್ರಿ?"

"ಮುಟ್ಟಬೇಡ ಅಂದೆ. ನೀನು ಅಂದೆ. ಇನ್ಮೇಲೆ ಹಾಗೇ ಅಂತೀನಿ. ನೀನು ಇಬ್ಬರಿಗೆ ಇಟ್ಟಿದ್ದು ಇಬ್ಬರಿಗೇ ಇರ್ಲಿ."

"ತಪ್ಪಾಗಿ ಇಟ್ಟಿದ್ದು ಅದು."

"ನನ್ನ ಜೀವನದಲ್ಲಿ ಸರಿಯಾಗಿ ಆದ ತಪ್ಪು ಅದೊಂದೇ."

ಅವಳು ಕೀಲಿಯನ್ನು ಬಿಟ್ಟಳು. ಅದು ನೆಲಕ್ಕೆ ಬಿದ್ದ ಸದ್ದಿಗೆ ಕೆಳಗಿನಿಂದ ಅಕ್ಕ ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ. ಅಕ್ಕನಿಗೆ ಎಲ್ಲ ಕೇಳಿಸುತ್ತಿತ್ತು.

"ಹುಚ್ಚ. ಗುಜರಿ ಮಿಷನ್‌ಗೆ ಯಾರಾದ್ರೂ ಮನಸ್ಸು ಕೊಡ್ತಾರಾ?" ಎಂದಳು ಅವಳು, ಅವನ ಅಂಗಿಗೆ ಹಣೆಯಾನಿಸಿ. "ಕೊಟ್ಟಿದ್ರೆ ಮೊದಲೇ ಬೊಗಳೋಕೆ ಏನಾಗಿತ್ತು ನಿಂಗೆ?"

ಮುಂದಿನ ತಿಂಗಳುಗಳು ಸುಲಭದವಲ್ಲ, ಅದನ್ನು ಚೆಂದ ಮಾಡಿ ಹೇಳುವುದರಲ್ಲಿ ಅರ್ಥವಿಲ್ಲ. ವಾಂತಿ, ಔಷಧಿ, ಆಸ್ಪತ್ರೆಯ ಬೆಂಚು. ಅಂಗಡಿಯ ಬಾಗಿಲು ಮುಚ್ಚಿತು. ಅಕ್ಕ ಕೆಳಗಿನ ಕೋಣೆ ಖಾಲಿ ಮಾಡಿ ಅವಳಿಗೆ ಹಾಸಿಗೆ ಹಾಸಿಕೊಟ್ಟಳು. ಕೊನೆಕೊನೆಗೆ ಮಂಚದ ಪಕ್ಕ ಆಕ್ಸಿಜನ್ ಮಿಷನ್ ಬಂತು. ಬಚ್ಚಲಿನ ಪಂಪಿನ ಹಾಗೇ ಗೊರಗೊರ ಎನ್ನುತ್ತಿತ್ತು. "ನಂಗೂ ಅಪ್‌ಗ್ರೇಡ್ ಆಯ್ತು ನೋಡು," ಎಂದು ಅವಳು ನಕ್ಕಾಗ ಅಕ್ಕ ಅಡುಗೆಮನೆಗೆ ಎದ್ದುಹೋದಳು.

ಒಂದು ಮಧ್ಯಾಹ್ನ ಅವಳು ಮಹಡಿಗೆ ಹೋಗಬೇಕು ಎಂದಳು. ಎತ್ತಿಕೊಂಡು ಹೋಗುತ್ತೇನೆಂದರೆ ಒಪ್ಪಲಿಲ್ಲ. ಹದಿನೇಳು ಮೆಟ್ಟಿಲಿಗೆ ಮುಕ್ಕಾಲು ಗಂಟೆ ಹಿಡಿಯಿತು. ಕಿಟಕಿಯ ಪಕ್ಕ, ತನ್ನ ಜಾಗದಲ್ಲಿ, ಗೋಡೆಗೊರಗಿ ನಿಂತಳು.

"ಎಷ್ಟಿದ್ದೀನಿ?"

"ನಲವತ್ತನಾಲ್ಕು." ಆಸ್ಪತ್ರೆಯ ಚೀಟಿ ಅವನ ಜೇಬಿನಲ್ಲೇ ಇತ್ತು.

ಅವನು ಮಂಡಿಯೂರಿ ಅವಳ ಪಾದದ ಪಕ್ಕ ಬಟ್ಟುಗಳನ್ನು ಇಟ್ಟ. ಹತ್ತು. ಎರಡು. ಇನ್ನೊಂದು ಎರಡು.

"ಏನಿದು?"

"ನಿಂದೇ. ಕಾಣೆಯಾಗಿತ್ತಲ್ಲ, ಹದಿನಾಲ್ಕು."

"ವಾಪಸ್ ಹಾಕೋಕೆ ಬರುತ್ತಾ?"

"ಪಕ್ಕದಲ್ಲಿಡೋಕೆ ಬರುತ್ತೆ."

ಅವನು ಸೂಜಿ ಇಳಿಸಿ ತನ್ನ ಕುರ್ಚಿಗೆ ಹೋಗಿ ಕೂತ. ಅವಳ ಕಾಲು ನಡುಗುತ್ತಿತ್ತು. ಹೋಗಿ ಹಿಡಿದುಕೊಂಡರೆ ಹಾಡು ಹಾರುತ್ತಿತ್ತು. ಅವಳು ಬೆರಳೆತ್ತಿ 'ಅಲ್ಲೇ ಇರು' ಎಂದಳು. ಇಪ್ಪತ್ತು ನಿಮಿಷ ಅವರು ಒಬ್ಬರನ್ನೊಬ್ಬರು ನೋಡುತ್ತ, ಮುಟ್ಟದೆ, ರೆಕಾರ್ಡಿನ ಆ ಬದಿಯನ್ನು ಪೂರ್ತಿ ಕೇಳಿದರು. ಕೊನೆಯ ಹಾಡಿನ ಆ ಸಾಲು ತಡೆಯಿಲ್ಲದೆ ದಾಟಿತು. ಅದಾದ ಮೇಲೆಯೇ ಅವನು ಓಡಿಹೋಗಿ ಅವಳನ್ನು ಹಿಡಿದು ಕುರ್ಚಿಯಲ್ಲಿ ಕೂರಿಸಿದ.

"ನೀರು ತಗೊಂಬಾ. ಬಿಸಿನೀರು. ಅಕ್ಕಂಗೆ ಕಾಯಿಸೋಕೆ ಹೇಳು," ಎಂದಳು.

ಅವನು ಲೋಟ ಹಿಡಿದು ಬರುವಾಗ ಅವಳು ಕುರ್ಚಿಯಲ್ಲೇ ಇದ್ದಳು. ಏದುಸಿರು ಬಿಡುತ್ತಿದ್ದಳು. ಮುಖದಲ್ಲಿ ಕೆಲಸ ಮುಗಿಸಿದವರ ನೆಮ್ಮದಿಯಿತ್ತು.

ಒಂಬತ್ತನೇ ದಿನ ಬೆಳಗಿನ ಹತ್ತು ಗಂಟೆಗೆ, ಅವನು ದಿಂಬು ಸರಿಮಾಡುತ್ತಿದ್ದಾಗ, ಅವಳು ಹೋದಳು.

ಅವನು ಮಹಡಿಯಲ್ಲಿ ಮತ್ತೆ ಪಂಪು ಹಾಕಿದ್ದು ಒಂದೂವರೆ ತಿಂಗಳಾದ ಮೇಲೆ, ಒಂದು ಭಾನುವಾರ ನಾಲ್ಕು ಗಂಟೆಗೆ. ಕಿಟಕಿಯ ಪಕ್ಕ ಬಟ್ಟುಗಳನ್ನು ಜೋಡಿಸಿದ. ಇಪ್ಪತ್ತು, ಇಪ್ಪತ್ತು, ಹತ್ತು, ಐದು, ಎರಡು, ಒಂದು. ಕಾಯಿಲೆ ಬರುವುದಕ್ಕೆ ಮುಂಚಿನ ಪೂರ್ತಿ ಐವತ್ತೆಂಟು.

ಗಾಡಿ ನಿಲ್ಲಲಿಲ್ಲ. ಎಂದೂ ಇಲ್ಲದ ಹಾಗೆ ಒಳಕ್ಕೆ ಜಾರಿತು.

ಅವನು ಬಗ್ಗಿ ಸ್ಕ್ರೂ ನೋಡಿದ. ಕೆಂಪು ಚುಕ್ಕೆ ಕಿಟಕಿಯ ಕಡೆ ಇರಲಿಲ್ಲ. ಬಾಗಿಲ ಕಡೆ ಇತ್ತು. ಬಿಸಿನೀರು ಯಾಕೆ ಬೇಕಿತ್ತೆಂದು ಆಗ ಗೊತ್ತಾಯಿತು.

ಒಂದು ತೆಗೆದ. ಎರಡು ತೆಗೆದ. ಐದು, ಹತ್ತು. ಗಾಡಿ ಇನ್ನೂ ಜಾರುತ್ತಲೇ ಇತ್ತು. ಒಂದು ಇಪ್ಪತ್ತು ತೆಗೆದ. ಕೊನೆಯ ಇಪ್ಪತ್ತನ್ನು ಎತ್ತಲು ಅವನಿಗೆ ತುಂಬ ಹೊತ್ತು ಬೇಕಾಯಿತು. ಕಿಟಕಿಯ ಪಕ್ಕ ಏನೂ ಉಳಿಯದಾದಾಗ ಗಾಡಿ ನಿಂತಿತು.

ಕಾಲು ಸುತ್ತು ಹಿಂದಕ್ಕೆ ತಿರುಗಿಸುವುದು ಒಂದು ಚಣದ ಕೆಲಸ. ಅವನ ಬೆರಳು ಸ್ಕ್ರೂ ಮೇಲೆಯೇ ಇತ್ತು. ಮುಟ್ಟಬೇಡ ಎಂದು ಅವನೇ ಅವಳಿಗೆ ಹೇಳಿದ್ದ. ಅವಳು ಕೇಳಿರಲಿಲ್ಲ. ಆ ಕೈಗಳಲ್ಲಿ ಉಳಿದಿದ್ದ ಕೊನೆಯ ಬಲವೆಲ್ಲ ಆ ಕಾಲು ಸುತ್ತಿನಲ್ಲಿತ್ತು.

ಅವನು ಬೆರಳು ತೆಗೆದ. ಸೂಜಿ ಇಳಿಸಿ ತನ್ನ ಕುರ್ಚಿಗೆ ಹೋಗಿ ಕೂತ.

ಕೆಳಗೆ ಅಕ್ಕ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕಿವಿಗೊಟ್ಟಳು. ಕೊನೆಯ ಹಾಡು ಬಂತು. ಹಿಂದೆ ಎಷ್ಟೋ ಸಲ ಹೇಳಿದ್ದನ್ನೇ ಹೇಳುತ್ತ ಸಿಕ್ಕಿಕೊಂಡಿದ್ದ ಆ ಸಾಲು ಇವತ್ತು ಒಂದೇ ಸಲ ಬಂತು, ಹೋಯಿತು.