ಎಡಕ್ಕೆ ತಿರುಗು ಎಂದ ಕಲ್ಲು

"ಆ ಕಲ್ಲಿಂದ ಕೈ ತೆಗೀರಿ!"

ಪಿಕಪ್ಪಿನ ಬಾಗಿಲನ್ನೂ ಹಾಕದೆ ರೊವೀನಾ ಇಳಿದು ಬಂದಳು. ಕೈಯಲ್ಲಿ ಹುಲ್ಲೆತ್ತುವ ಕವೆಗೋಲು. ನೆಬ್ರಾಸ್ಕಾದ ಆ ಹಳೆಯ ಮಣ್ಣುರಸ್ತೆಯ ತಿರುವಿನಲ್ಲಿ, ಅವಳ ಜೋಳದ ಹೊಲದ ಅಂಚಿನ ಕಲ್ಲಿನೆದುರು ಮಂಡಿಯೂರಿ ಕೂತಿದ್ದವನು ಬ್ರಷ್ಷನ್ನು ಕೆಳಗಿಟ್ಟ.

"ಪಾಚಿ ತೆಗೀತಿದ್ದೆ, ಅಷ್ಟೇ..."

"ರಸ್ತೆಗೋಸ್ಕರ ಸೋಮವಾರ ಕೀಳೋ ಕಲ್ಲಿಗೆ ಗುರುವಾರಾನೇ ಸ್ನಾನ ಮಾಡಿಸ್ತಿದೀರಾ? ರಸ್ತೆ ಇಲಾಖೆಯವರಿಗೆ ಇಷ್ಟು ಭಕ್ತಿ ಯಾವಾಗ ಬಂತು!"

ಅವನಿಗೆ ನಗು ಬಂತು. ನಗಬಾರದಿತ್ತು.

"ನಾನು ಇಲಾಖೆಯವನಲ್ಲ ಕಣ್ರೀ. ವೆಂಡೆಲ್ ಕ್ರೌಸ್. ಗಾಳಿಯಂತ್ರ ರಿಪೇರಿ ಮಾಡ್ತೀನಿ. ಬಿಡುವಾದಾಗ ಹಳೇ ದಾರಿಗಳ ಗುರುತು ಹುಡುಕ್ತೀನಿ. ರಸ್ತೆಗೆ ನಂಬರ್ ಇಲ್ಲದ ಕಾಲದಲ್ಲಿ ಕಾರಿನವರು ಇಂಥ ಕಲ್ಲು ನೋಡ್ಕೊಂಡೇ ಹೋಗ್ತಿದ್ರು. ಇಲ್ಲಿ ಕೆತ್ತಿರೋ ಈ ‘ಎಲ್’ ಇದೆಯಲ್ಲ, ಅಂದ್ರೆ ಲೆಫ್ಟ್. ಎಡಕ್ಕೆ ತಿರುಗಿ ಅಂತ."

ರೊವೀನಾಳ ಮುಖ ಕಪ್ಪಿಟ್ಟಿತು.

ಎಲ್ ಅಂದರೆ ಲುವೆಲ್ಲಾ! ಅವಳ ಮುತ್ತಜ್ಜಿ. ಮದುವೆಗೆ ಮುಂಚೆ ಮುತ್ತಜ್ಜ ಅವಳ ಹೆಸರಿನ ಮೊದಲ ಅಕ್ಷರವನ್ನು ಈ ಕಲ್ಲಿನಲ್ಲಿ ಕೆತ್ತಿದನೆಂದು ಅಜ್ಜಿ ಹೇಳಿದ್ದಳು. ಮೇ ತಿಂಗಳ ಕೊನೆಗೆ, ಗೋರಿಗಳಿಗೆ ಹೂವಿಡುವ ದಿನ, ಮನೆಯವರು ಇದಕ್ಕೂ ಒಂದು ಹಿಡಿ ಪಿಯೋನಿ ಹೂ ಇಡುತ್ತ ಬಂದಿದ್ದರು. ಅಜ್ಜಿ ತೀರಿಕೊಂಡ ಮೇಲೆ, ಈ ಸಲ, ಇಟ್ಟವಳು ರೊವೀನಾ ಒಬ್ಬಳೇ.

"ಎಂಬತ್ತು ವರ್ಷದಿಂದ ನಾವು ಟ್ರಾಫಿಕ್ ಬೋರ್ಡಿಗೆ ಹೂವಿಟ್ಟಿದ್ವಾ? ಹೊರಡಿ ಇಲ್ಲಿಂದ!"

ಅವನು ಹೊರಟ. ಹೋಗುವಾಗ, ತೆರೆದೇ ಇದ್ದ ಅವಳ ಪಿಕಪ್ಪಿನ ಬಾಗಿಲನ್ನು ಮೆಲ್ಲಗೆ ಮುಚ್ಚಿ ಹೋದ. ಅದು ಅವಳ ಸಿಟ್ಟನ್ನು ಇನ್ನಷ್ಟು ಏರಿಸಿತು. ಮೂರು ದಿನವೂ ನೆನಪಿಗೆ ಬರುತ್ತಲೇ ಇತ್ತು...

ಸೋಮವಾರ ಬೆಳಿಗ್ಗೆ ಮಣ್ಣು ಅಗೆಯುವ ಯಂತ್ರ ಬಂದಾಗ ರೊವೀನಾ ಕಾಫಿ ಫ್ಲಾಸ್ಕು ಹಿಡಿದು ಕಲ್ಲಿನ ಮೇಲೇ ಕೂತಿದ್ದಳು.

"ಇಳಿಯೇ ತಾಯಿ," ಎಂದ ರಸ್ತೆ ಕೆಲಸದ ಮೇಸ್ತ್ರಿ, ಮುದುಕ ಆರ್ಲೊ. "ನಿನ್ನ ಮುತ್ತಜ್ಜನ ಪ್ರೇಮಪತ್ರಕ್ಕೋಸ್ಕರ ರಸ್ತೆ ಬಗ್ಗಿಸೋಕಾಗುತ್ತಾ?"

"ಬಗ್ಗಿಸ್ಬೇಡ. ನನ್ನನ್ನೂ ಸೇರಿಸಿ ಕೀಳು. ಆದ್ರೆ ಕಾಫಿ ಮುಗೀಲಿ."

ಅಷ್ಟರಲ್ಲಿ ಧೂಳೆಬ್ಬಿಸುತ್ತ ವೆಂಡೆಲ್‌ನ ಗಾಡಿ ಬಂತು. ಕೈಯಲ್ಲಿ ಒಂದು ಕಾಗದ.

"ಶುಕ್ರವಾರ ಪೂರ್ತಿ ರಸ್ತೆ ಇಲಾಖೆ ಕಚೇರಿ ಮೆಟ್ಟಿಲ ಮೇಲೆ ಕೂತು ತಂದಿದ್ದು. ನಿಮ್ಮ ಹೆಸರೂ ಅಲ್ಲೇ ಗೊತ್ತಾಯ್ತು. ಇದು ಹಳೇ ದಾರಿಯ ಗುರುತು ಅಂತ ಜಮೀನಿನವರು ಸಹಿ ಹಾಕಿದ್ರೆ ಕಲ್ಲನ್ನ ಯಾರೂ ಮುಟ್ಟೋ ಹಾಗಿಲ್ಲ."

ಅವಳು ಓದಿದಳು. ‘ಈ ಅಕ್ಷರವು ದಾರಿಯ ಸೂಚನೆ. ಇದಕ್ಕೆ ಬೇರೆ ಅರ್ಥವಿಲ್ಲ.’

ಸಹಿ ಹಾಕಿದರೆ ಕಲ್ಲು ಉಳಿಯುತ್ತದೆ. ಲುವೆಲ್ಲಾ ಹೋಗುತ್ತಾಳೆ!

"ಹಾಕಲ್ಲ. ಎಲ್ ಅಂದ್ರೆ ನನ್ನ ಮುತ್ತಜ್ಜಿ ಲುವೆಲ್ಲಾ, ಮುತ್ತಜ್ಜ ಕೆತ್ತಿದ್ದು ಅಂತ ಅಜ್ಜಿ ಹೇಳಿದ್ಳು. ಕಲ್ಲು ಉಳಿಸೋಕೆ ಅಜ್ಜಿನ ಸುಳ್ಳುಗಾತಿ ಮಾಡ್ಲಾ?"

ವೆಂಡೆಲ್ ಅವಳೆದುರು ಕುಕ್ಕರುಗಾಲಲ್ಲಿ ಕೂತ. "ನಿಮ್ಮ ಮುತ್ತಜ್ಜ ಈ ಊರಿನವರೇನಾ?"

"ಅಲ್ಲ. ಓಹಾಯೋದಿಂದ ಕಾರಲ್ಲಿ ಬರ್ತಿದ್ರು. ನಮ್ಮ ಗೇಟಿನ ಮುಂದೆ ಕೆಸರಲ್ಲಿ ಚಕ್ರ ಹೂತ್ಕೊಳ್ತು. ಲುವೆಲ್ಲಾ ಹೇಸರಗತ್ತೆ ಕಟ್ಟಿ ಎಳೆದಳಂತೆ."

"ನಿಮ್ಮ ಗೇಟು ಯಾವ ಕಡೆ?"

ತೋರಿಸಲು ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಎಡಗೈ.

"ಗೊತ್ತಿಲ್ಲದ ಊರಲ್ಲಿ ಅವರಿಗೆ ಎಡಕ್ಕೆ ತಿರುಗು ಅಂದಿದ್ದು ಈ ಕಲ್ಲೇ ಅಲ್ವಾ, ರೊವೀನಾ?"

ಆರ್ಲೊ ಯಂತ್ರ ನಿಲ್ಲಿಸಿದ. ರೊವೀನಾಳ ಕಣ್ಣು ತುಂಬಿತ್ತು. ಗದ್ದ ಮಾತ್ರ ಬಾಗಲಿಲ್ಲ. ಪೆನ್ನು ಕಸಿದುಕೊಂಡು ‘ಬೇರೆ ಅರ್ಥವಿಲ್ಲ’ ಎಂಬುದನ್ನು ಹೊಡೆದುಹಾಕಿ, ಮೇಲೆ ಬರೆದಳು: ‘ಎಲ್ ಅಂದರೆ ಎಡಕ್ಕೆ. ಎಡಕ್ಕೆ ಹೋದರೆ ಲುವೆಲ್ಲಾ.’ ಕೆಳಗೆ ಸಹಿ.

"ಹೀಗೇ ತಗೊಂಡ್ರೆ ತಗೊಳ್ಳಲಿ. ಇಲ್ಲದಿದ್ರೆ ಮತ್ತೆ ಬಂದು ಇಲ್ಲೇ ಕೂತ್ಕೋತೀನಿ!"

"ಸ್ವಲ್ಪ ಸರಿದು ಜಾಗ ಕೊಟ್ರೆ ನಾನೂ," ಎಂದ ವೆಂಡೆಲ್.

ಆರ್ಲೊ ಕಾಗದವನ್ನು ಜೇಬಿಗಿಟ್ಟು, ತಲೆ ಅಲ್ಲಾಡಿಸುತ್ತ ಯಂತ್ರ ತಿರುಗಿಸಿಕೊಂಡು ಹೋದ.

"ಈಗ ಯಾವ ಕಡೆ ಹೊರಟ್ರಿ?" ಅವಳು ಕೇಳಿದಳು.

"ಕಲ್ಲು ಹೇಳಿದ ಕಡೆ... ನೀವು ಒಪ್ಪಿದ್ರೆ."

"ಈಗ ಅಲ್ಲಿ ಕೆಸರಿಲ್ಲ. ಹೂತ್ಕೊಳ್ಳೋ ಭಯ ಬೇಡ."

"ಗುರುವಾರಾನೇ ಹೂತ್ಕೊಂಡಿದೀನಿ, ರೊವೀನಾ."

ಅವಳು ಕಲ್ಲಿನಿಂದ ಇಳಿದಳು. ಮೊದಲ ಸಲ ನೀವು-ತಾವು ಬಿಟ್ಟು, ಕೈ ಚಾಚಿದಳು.

"ಹಾಗಾದ್ರೆ ಎಳೀತೀನಿ... ಬಾ."