ಹನ್ನೊಂದನೆಯ ಕಲ್ಲು

ಓಟ್ಸ್ ಗಂಜಿ ತಳ ಹಿಡಿಯದಂತೆ ಶೀನಾ ಒಂದೇ ಸಮನೆ ತಿರುವುತ್ತಿದ್ದಳು. ಏಳು ವರ್ಷದ ಮಗಳು ಊನಾ ಅವಳ ಬೆನ್ನ ಹಿಂದೆ ಬಟ್ಟಲು ಜೋಡಿಸುತ್ತಿದ್ದಳು. ಆಗ ಕೋಟೆಯ ಅಂಗಳದಿಂದ ಕಲ್ಲುಕುಟಿಗ ಮರ್ಡೋ ಕೂಗಿದ—

“ಒಂದು ಕಲ್ಲು ಹೋಗಿದೆ! ಹತ್ತೇ ಇವೆ!”

ಶೀನಾ ಸೌಟು ಬಿಟ್ಟು ಬಾಗಿಲಿಗೆ ಓಡಿದಳು.

ಆರ್ಡ್‌ವೂರ್ನ್ ಕೋಟೆಯಿಂದ ಯುದ್ಧಕ್ಕೆ ಹೊರಟವನು ಅಂಗಳದ ರಾಶಿಯಲ್ಲಿ ಒಂದು ಕಲ್ಲಿಟ್ಟು ಹೋಗಬೇಕು. ಮರಳಿ ಬಂದವನು ತನ್ನದನ್ನು ಎತ್ತಿಕೊಳ್ಳಬೇಕು. ಉಳಿದ ಕಲ್ಲುಗಳು ಸತ್ತವರವು. ಅವು ಕೋಟೆಯ ಗೋಡೆ ಸೇರುತ್ತವೆ. ನಾನೂರು ವರ್ಷಗಳಿಂದ ಕೋಟೆಯ ಚರಿತ್ರೆಯೆಂದರೆ ಆ ಗೋಡೆಯೇ. ಜರ್ಮನರೊಡನೆ ಯುದ್ಧ ಮುಗಿದು ಐದು ತಿಂಗಳಾಗಿತ್ತು. ಉಳಿದ ಹನ್ನೊಂದನ್ನು ಇಂದು ಗೋಡೆಗೆ ಕೂರಿಸಬೇಕಿತ್ತು.

ಅದರಲ್ಲೊಂದು ಶೀನಾಳ ಗಂಡ ಲಾಕ್ಲನ್‌ನದು. ಯಾವುದೆಂದು ಅವಳಿಗೆ ಗೊತ್ತಿಲ್ಲ. ಅವನು ಕಲ್ಲಿಟ್ಟ ದಿನ ನೋಡಲಾರದೆ ಒಲೆಯ ಮುಂದೆಯೇ ಕೂತಿದ್ದಳು. ಫ್ರಾನ್ಸಿನಲ್ಲಿ ಅವನಿಗೆ ಗೋರಿಯಿಲ್ಲ. ಹೋದದ್ದು ಅವನದೇ ಆಗಿದ್ದರೆ? ಗೋಡೆಯಲ್ಲೂ ಜಾಗವಿಲ್ಲವೇ?

ಪೋಲೀಸು ಗಿಲ್ಲೀಸ್ ಊರುಗೋಲೂರುತ್ತ ಬಂದ. ಅವನೂ ಕಲ್ಲು ಎತ್ತಿಕೊಂಡವನೇ.

“ನಿನ್ನೆ ಸಂಜೆ ಎಷ್ಟಿದ್ದವು ಮರ್ಡೋ?”

“ಹನ್ನೊಂದು. ನಾನೇ ಎಣಿಸಿದ್ದೆ.”

“ಕುಡಿಯೋಕೆ ಮುಂಚೆಯೋ, ಆಮೇಲೋ?”

“ಆಮೇಲಾಗಿದ್ರೆ ಇಪ್ಪತ್ತೆರಡಾಗ್ತಿತ್ತು ಸ್ವಾಮಿ!”

ಯಾರೂ ನಗಲಿಲ್ಲ. ಅಂಗಳದಲ್ಲಿ ನೆರೆದವರೆಲ್ಲರ ಕಣ್ಣು ಮುದುಕಿ ಎಫಿಯ ಮೇಲಿತ್ತು. ಗಿಲ್ಲೀಸ್ ಅವಳತ್ತ ತಿರುಗಿದ.

“ಅಜ್ಜೀ, ಮಗನ ಕಲ್ಲು ಗೋಡೆಗೆ ಕೊಡಲ್ಲ ಅಂದಿದ್ರಂತೆ?”

“ಅಂದಿದ್ದೆ. ಮಗನ್ನ ನುಂಗಿದ ಕೋಟೆ ಕಲ್ಲನ್ನೂ ನುಂಗ್ಬೇಕಾ? ಆದ್ರೆ ಕಳ್ಳಿ ಅಲ್ಲ ಕಣಪ್ಪ. ಅಗೋ, ಬಿಳಿ ಗೆರೆಯದು. ಅದೇ ನನ್ನ ಮಗ.”

ಗಿಲ್ಲೀಸ್ ತಲೆಯ ಟೋಪಿ ತೆಗೆದ. ಕುಂಟುಗಾಲು ಮಡಚಿ ರಾಶಿಯ ಬುಡದಲ್ಲಿ ಬಹಳ ಹೊತ್ತು ಕೂತ. ಆಮೇಲೆ ಅಡುಗೆಮನೆಗೆ ಬಂದ. ಗಂಜಿ ಸೀದಿತ್ತು.

“ಶೀನಾ, ಇಲ್ಲಿ ಉಣ್ಣೋರು ಎಷ್ಟು ಜನ?”

“ನಾನು, ಊನಾ. ಇಬ್ಬರೇ.”

“ಮತ್ತೆ ಮೂರು ಬಟ್ಟಲು?”

ಶೀನಾ ತಿರುಗಿ ನೋಡಿದಳು. ಮೇಲಿನ ಹಲಗೆಯಲ್ಲಿ ಮೂರು ವರ್ಷ ಧೂಳು ಹಿಡಿದಿದ್ದ ಲಾಕ್ಲನ್‌ನ ಮರದ ಬಟ್ಟಲು ತೊಳೆದು ಮೇಜಿನ ಮೇಲಿತ್ತು. ಪಕ್ಕದಲ್ಲಿ ಅವನ ಕೊಂಬಿನ ಚಮಚ.

“ಸುಮ್ಮನೆ ಕದಿಯೋರು ಮೇಲಿನ ಕಲ್ಲು ಎತ್ತುತ್ತಿದ್ರು,” ಗಿಲ್ಲೀಸನ ದನಿ ತಗ್ಗಿತು. “ಇದನ್ನ ಬುಡದಿಂದ ಬೆರಳಲ್ಲಿ ಕೆರೆದು ತೆಗೆದಿದ್ದಾರೆ. ಅದೇ ಕಲ್ಲು ಬೇಕಿತ್ತು. ಲಾಕ್ಲನ್ ಹೊರಟ ದಿನ ನಾನು ಪಕ್ಕದಲ್ಲೇ ಇದ್ದೆ ಶೀನಾ. ಕಲ್ಲನ್ನ ಅವನು ಮಗಳ ಕೈಲೇ ಇಡಿಸಿದ. ಅವಳಿಗೆ ಎಟುಕಿದ್ದು ಆ ಬುಡವೇ.”

“ಊನಾ?”

“ಹೂಂ,” ಗಿಲ್ಲೀಸ್ ತಲೆಯಾಡಿಸಿದ. “ಊನಾನೇ ತೆಗೆದದ್ದು. ಕಲ್ಲು ಎತ್ತಿಕೊಂಡವರೆಲ್ಲ ಮನೇಲಿದ್ದಾರೆ. ಅವಳು ಕಂಡಿದ್ದು ಅಷ್ಟೇ.”

ಎರಡು ವರ್ಷದ ಹಿಂದೆ ಬಂದ ಸಾವಿನ ಕಾಗದವನ್ನು ಶೀನಾ ಮಗಳಿಗೆ ಓದಿರಲಿಲ್ಲ. ಮಗು ಕೇಳಿರಲೂ ಇಲ್ಲ. ಕೇಳದ ಮಗುವಿಗೆ ಹೇಳುವುದು ಹೇಗೆ? ದಿನ ದೂಡಿದ್ದಳು.

ಅವಳು ನೆಲಕ್ಕೆ ಕೂತು ಕೈ ಚಾಚಿದಳು. ಊನಾ ಲಂಗದ ಮಡಿಲಿನಿಂದ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದಳು. ಉಗುರುಸಂದಿಯಲ್ಲಿ ಮಣ್ಣಿತ್ತು.

“ಅಮ್ಮಾ, ಕಲ್ಲು ತೆಗೆದೆನಲ್ಲಾ... ಅಪ್ಪ ಯಾಕೆ ಇನ್ನೂ ಬಂದಿಲ್ಲ?”